ಕಿರುನಾಲಿಗೆ

ಕಂಪನಿಯಲ್ಲಿ ಅವನನ್ನು ಎಲ್ಲರೂ ಕಿರುನಾಲಿಗೆ ಎಂದು ಕರೆಯುತ್ತಿದ್ದರು. ಚಹಾ ಎಲೆಗಳನ್ನು ಬೆರೆಸಿ, ಹದಮಾಡಿ ಮಾರುವ ಆ ಕಂಪನಿಯಲ್ಲಿ ರುಚಿ ನೋಡುವುದಕ್ಕೆಂದೇ ಸಂಬಳ ಪಡೆಯುವವರು ಇಬ್ಬರು. ಮುಖ್ಯ ರುಚಿಗಾರನಿಗೆ ದೊಡ್ಡ ನಾಲಿಗೆ ಎಂಬ ಹೆಸರಿತ್ತು. ಅದು ಗೌರವದ ಹೆಸರು. ಸಹಾಯಕನಿಗೂ ಒಂದು ಹೆಸರು ಬೇಡವೇ ಎಂದು ಯಜಮಾನರ ಎದುರಿಗೇ ಮಾತು ಬಂದಾಗ ದೊಡ್ಡ ನಾಲಿಗೆ ಬಾಯಿ ಒರೆಸಿಕೊಂಡು ಹೇಳಿದ್ದ: “ಕಿರುನಾಲಿಗೆ ಅನ್ನಿ. ಗಂಟಲ ಹತ್ರ ಸುಮ್ನೆ ನೇತಾಡ್ತಿರುತ್ತೆ. ರುಚಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.” ಗುಮಾಸ್ತರು ನಕ್ಕರು. ಪೆಟ್ಟಿಗೆ ಹೊರುವವರು ನಕ್ಕರು. ಎದೆಯುರಿಯೆಂದು ಬರೀ ಬಿಸಿನೀರು ಕುಡಿದುಕೊಂಡೇ ಊರಿಗೆಲ್ಲ ಚಹಾ ಕುಡಿಸಿ ದೊಡ್ಡವರಾದ ಯಜಮಾನರೂ ನಕ್ಕರು. ಅವನೂ ನಕ್ಕ. ಉಳಿದವರ ನಗುವನ್ನು ಹೇಗೋ ನುಂಗಿಕೊಂಡ; ತನ್ನ ನಗು ಮಾತ್ರ ಗಂಟಲಲ್ಲೇ ಉಳಿಯಿತು.

ದೊಡ್ಡ ನಾಲಿಗೆಯಲ್ಲಿ ಹುಳುಕು ಹುಡುಕುವುದು ಸುಲಭವಿರಲಿಲ್ಲ. ಆತ ಚಮಚವನ್ನು ತುಟಿಗಿಟ್ಟು ಸೊರ್ರೆಂದು ಎಳೆದು, ಕೆನ್ನೆಯೊಳಗೆ ಒಂದು ಸುತ್ತು ತಿರುಗಿಸಿ, ಗಾಲಿಯಿರುವ ಉಗುಳುಪಾತ್ರೆಗೆ ಉಗಿದು, ಎಲೆ ಯಾವ ಇಳಿಜಾರಿನದು, ಕೊಯ್ದ ದಿನ ಬಿಸಿಲಿತ್ತೋ ಮೋಡವಿತ್ತೋ ಎಂದು ಹೇಳುತ್ತಿದ್ದ. ಹೌದೋ ಅಲ್ಲವೋ ಎಂದು ಕೇಳಲು ಆ ಮೋಡವನ್ನು ಕರೆತರುವವರು ಯಾರು? ಎಲ್ಲರೂ ತಲೆದೂಗುತ್ತಿದ್ದರು. ಎಲ್ಲರಿಗಿಂತ ಮೊದಲು ತಲೆದೂಗುವುದು ಕಿರುನಾಲಿಗೆಯ ಕೆಲಸವಾಗಿತ್ತು.

ಹುಳುಕನ್ನು ತೋರಿಸಿಕೊಟ್ಟವಳು ಅವನ ಹೆಂಡತಿ, ಅದೂ ಅರಿವಿಲ್ಲದೆ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವಳು ಕಂಪನಿಯ ವಾರ್ಷಿಕೋತ್ಸವದ ದಿನ ಒಂದು ಮೇಜು ಹಾಕಿಕೊಂಡು ಬಂದವರಿಗೆಲ್ಲ ಆಟವಾಡಿಸಿದಳು. ನಾಲಿಗೆಯನ್ನು ಕೊಳವೆಯ ಹಾಗೆ ಮಡಚಲು ಬರುತ್ತದೆಯೋ? ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ, ಜೋತುಬಿದ್ದಿದೆಯೋ? ಈ ಕಾಗದದ ಚೂರನ್ನು ನಾಲಿಗೆಯ ಮೇಲಿಟ್ಟರೆ ಏನನ್ನಿಸುತ್ತದೆ? ಕಾಗದ ತಾಗಿದ್ದೇ ತಡ, ಕಿರುನಾಲಿಗೆಯ ಮುಖ ಕಿವುಚಿಹೋಯಿತು; ಪಿತ್ತವೇ ಬಾಯಿಗೆ ಬಂದಷ್ಟು ಕಹಿ. ಪಕ್ಕದಲ್ಲೇ ನಿಂತಿದ್ದ ದೊಡ್ಡ ನಾಲಿಗೆ ಅದೇ ಕಾಗದವನ್ನು ಆರಾಮವಾಗಿ ಚೀಪಿ, “ಕಾಗದ ಕಾಗದದ ಹಾಗೇ ಇದೆಯಮ್ಮ” ಎಂದು ಮುಂದಿನ ಮೇಜಿಗೆ ಹೋದ.

ಸಂಜೆ ಮನೆಯಲ್ಲಿ ಅವನು ಆ ಮಾತು ತೆಗೆದ.

“ಆ ಕಾಗದಕ್ಕೆ ಒಂದು ಕಹಿ ರಾಸಾಯನಿಕ ಸವರಿರ್ತಾರೆ. ಅದು ಗೊತ್ತಾಗೋದು ಬಿಡೋದು ಹುಟ್ಟಿನಿಂದ ಬರೋದು,” ಎಂದಳು ಹೆಂಡತಿ, ಉತ್ತರ ಪತ್ರಿಕೆಗಳಿಂದ ತಲೆಯೆತ್ತದೆ. “ಆ ಕಹಿ ಗೊತ್ತಾಗೋ ಗುಣ ಪ್ರಬಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೂ ಸಾಕು, ಗೊತ್ತಾಗುತ್ತೆ. ಗೊತ್ತಾಗದೇ ಇರೋ ಗುಣ ದುರ್ಬಲ. ಅದು ಇಬ್ಬರಿಂದಲೂ ಬಂದಿರಬೇಕು. ಊರಲ್ಲಿ ಹತ್ತು ಜನಕ್ಕೆ ಸುಮಾರು ಮೂರು ಜನ ಹಾಗಿರ್ತಾರೆ.”

“ಅಂದ್ರೆ ನಾನು ಪ್ರಬಲ. ಅವನು ದುರ್ಬಲ.”

“ಪ್ರಬಲ ಅಂದ್ರೆ ಮೇಲು ಅಂತಲ್ಲರೀ. ಬೇರೆ ರುಚಿಯೆಲ್ಲ ಅವರಿಗೆ ನಿಮಗಿಂತ ಚೆನ್ನಾಗೇ ಗೊತ್ತಾಗಬಹುದು. ಇದೊಂದು ಕಹಿ ಮಾತ್ರ…”

ಅವನು ಆಗಲೇ ಎದ್ದು ಕನ್ನಡಿಯ ಮುಂದೆ ನಿಂತಿದ್ದ. ತನಗೆ ಬೇಕಾದಷ್ಟು ವಿಜ್ಞಾನ ಸಿಕ್ಕಿತ್ತು. ಉಳಿದದ್ದು ಶಾಲೆಯ ಮಕ್ಕಳಿಗೆ. ಅವನು ನಾಲಿಗೆಯನ್ನು ಉದ್ದಕ್ಕೆ ಚಾಚಿ ನೋಡಿಕೊಂಡ. ಇಷ್ಟು ವರ್ಷ ಒಬ್ಬ ದುರ್ಬಲನ ಕೈಕೆಳಗೆ ದುಡಿದೆನಲ್ಲ ಎಂದು ಮೈ ಉರಿಯಿತು. ಆ ಉರಿಯಲ್ಲೇ ಯೋಜನೆ ಹುಟ್ಟಿತು.

ಯೋಜನೆಯ ಚೆಲುವೆಂದರೆ, ಅದರಲ್ಲಿ ರಕ್ತವಿರಲಿಲ್ಲ, ವಿಷವಿರಲಿಲ್ಲ, ಸುಳ್ಳು ಸಾಕ್ಷಿ ಕೂಡ ಬೇಕಿರಲಿಲ್ಲ. ದೊಡ್ಡ ನಾಲಿಗೆಯನ್ನು ದೊಡ್ಡ ನಾಲಿಗೆಯೇ ಮುಗಿಸಬೇಕು. ಋತುವಿನ ಮೊದಲ ಮಿಶ್ರಣವನ್ನು ಕೊಳ್ಳಲು ಒಂದು ದೊಡ್ಡ ಅಂಗಡಿ ಸಂಸ್ಥೆಯ ಪಾಲುದಾರರು ಬರುವವರಿದ್ದರು. ಐದು ಊರಿನಲ್ಲಿ ಐದು ಅಂಗಡಿ, ಊರಿಗೊಬ್ಬರಂತೆ ಐದು ಜನ. ಮಿಶ್ರಣ ಮಾಡುವುದು ದೊಡ್ಡ ನಾಲಿಗೆ. ಅದನ್ನು ಡಬ್ಬಿಗೆ ತುಂಬಿ ಬೀಗ ಹಾಕಿಡುವುದು ಕಿರುನಾಲಿಗೆ. ಡಬ್ಬಿಯೊಳಗೆ ಆ ಕಾಗದದ ಕಹಿ ಸೇರಿದರೆ? ಅದನ್ನು ಕಂಡುಹಿಡಿಯಬೇಕಾದ ನಾಲಿಗೆಗೆ ಅದು ಕಾಣುವುದೇ ಇಲ್ಲ. ಆತ ಚಪ್ಪರಿಸಿ, ಹೊಗಳಿ, ತನ್ನ ಕೈಯಾರೆ ಗಿರಾಕಿಗಳ ಮುಂದಿಡುತ್ತಾನೆ. ಅವರು ಉಗಿಯುತ್ತಾರೆ. ಉಗುಳುಪಾತ್ರೆಯವರೆಗೆ ಹೋಗುವ ತಾಳ್ಮೆಯೂ ಅವರಿಗಿರುವುದಿಲ್ಲ.

ಅವನು ಲೆಕ್ಕವನ್ನೂ ಹಾಕಿದ, ಏಕೆಂದರೆ ತಾನು ಅವಸರದ ಮನುಷ್ಯನಲ್ಲ ಎಂಬ ಹೆಮ್ಮೆ ಅವನಿಗಿತ್ತು. ಹತ್ತಕ್ಕೆ ಮೂರು ಜನರಿಗೆ ಕಹಿ ತಿಳಿಯುವುದಿಲ್ಲ. ಸರಿ, ಐವರಲ್ಲಿ ಒಬ್ಬಿಬ್ಬರು ಹಾಗಿರಲಿ. ಐವರೂ ಹಾಗಿರಬೇಕಾದರೆ? ಹತ್ತನೇ ಮೂರನ್ನು ಐದು ಸಲ ಗುಣಿಸಿದ. ಸಾವಿರಕ್ಕೆ ಎರಡೂ ಚಿಲ್ಲರೆ. ರಸ್ತೆ ದಾಟುವಾಗ ಇದಕ್ಕಿಂತ ಹೆಚ್ಚು ಅಪಾಯವಿರುತ್ತದೆ ಎಂದುಕೊಂಡು ನಿಶ್ಚಿಂತೆಯಿಂದ ನಿದ್ದೆ ಮಾಡಿದ.

ಹೆಂಡತಿಯ ಚೀಲದಿಂದ ಕಾಗದದ ಒಂದು ಕಟ್ಟು ಮಾಯವಾಯಿತು. ಎಲ್ಲರೂ ಊಟಕ್ಕೆ ಹೋದ ಮಧ್ಯಾಹ್ನ ಅವನು ರುಚಿ ಕೋಣೆಯಲ್ಲಿ ಚೂರುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಮಿಶ್ರಣದ ಮೇಲೆ ಇಬ್ಬನಿಯಷ್ಟು ತೆಳ್ಳಗೆ ಸಿಂಪಡಿಸಿ, ದೀಪದ ಶಾಖದಲ್ಲಿ ಒಣಗಿಸಿದ. ಬಣ್ಣ ಬದಲಾಗಲಿಲ್ಲ, ಪರಿಮಳ ಬದಲಾಗಲಿಲ್ಲ. ಒಂದು ಬಟ್ಟಲು ಕುದಿಸಿ ಗುಟುಕರಿಸಿದ. ಕಣ್ಣಲ್ಲಿ ನೀರು ಬಂತು. ಅದರಲ್ಲಿ ಅರ್ಧ ಆನಂದಬಾಷ್ಪ.

ಗಿರಾಕಿಗಳು ಬರುವ ದಿನ ಬೆಳಿಗ್ಗೆ ದೊಡ್ಡ ನಾಲಿಗೆ ವಾಡಿಕೆಯಂತೆ ಮೊದಲ ಬಟ್ಟಲಿನ ರುಚಿ ನೋಡಿದ. ಸೊರ್ರೆಂದ, ಸುತ್ತಿಸಿದ, ಉಗಿದ. “ಎದ್ದು ನಿಂತಿದೆ! ಮೂರನೇ ಇಳಿಜಾರು ಮಾತಾಡ್ತಾ ಇದೆ,” ಎಂದ.

ಈಗ ಯೋಜನೆಯ ಕೊನೆಯ ಅಂಗ. ಕಿರುನಾಲಿಗೆಗೆ ದೊಡ್ಡವನು ಬೀಳುವುದಷ್ಟೇ ಸಾಲದಾಗಿತ್ತು. ಬೀಳುವುದನ್ನು ತಾನು ಮುಂಚೆಯೇ ಹೇಳಿದ್ದೆ ಎಂದೂ ಆಗಬೇಕಿತ್ತು. ಅವನು ಚಮಚ ಅದ್ದಿ, ತುಟಿಗೆ ತಾಗಿಸಿ, ಮುಖ ಸಿಂಡರಿಸಿ, ಯಜಮಾನರ ಕಡೆ ತಿರುಗಿದ. “ಇದು ಕಹಿಯಾಗಿದೆ ಸಾರ್. ಗಿರಾಕಿಗಳ ಮುಂದೆ ಇಡಬೇಡಿ.”

“ಕಹಿನಾ?” ದೊಡ್ಡ ನಾಲಿಗೆ ನಕ್ಕ. “ನಿನ್ನ ಬಾಯಿ ಯಾಕೋ ಸರಿಯಿಲ್ಲ. ಹೋಗಿ ಮುಕ್ಕಳಿಸು.”

“ಬಂದವರೇ ಹೇಳಲಿ ಸಾರ್. ಇದು ಕಹಿಯಲ್ಲ ಅಂತ ಆದ್ರೆ ನಾನು ಈ ಜನ್ಮದಲ್ಲಿ ಚಮಚ ಮುಟ್ಟಲ್ಲ. ನೀವೇ ಸಾಕ್ಷಿ.”

ಯಜಮಾನರು ಬಿಸಿನೀರಿನ ಲೋಟ ಹಿಡಿದುಕೊಂಡು ಇಬ್ಬರನ್ನೂ ನೋಡಿದರು. “ಆಗಲಿ,” ಎಂದರು. ಅವರಿಗೂ ಒಂದು ತಮಾಷೆ ಬೇಕಿತ್ತು.

ಐವರೂ ಬಂದರು. ಮೂವರು ಗಂಡಸರು, ಇಬ್ಬರು ಹೆಂಗಸರು. ಕಿಟಕಿಯ ಕೆಳಗಿನ ಉದ್ದ ಮೇಜಿನ ಮೇಲೆ ಬಿಳಿ ಬಟ್ಟಲುಗಳು ಹೊಗೆಯಾಡುತ್ತಿದ್ದವು. ಕಿರುನಾಲಿಗೆ ಮೂಲೆಯಲ್ಲಿ ಕೈಕಟ್ಟಿ ನಿಂತು ಅವರ ತುಟಿಗಳ ಮೇಲೆ ಕಣ್ಣು ನೆಟ್ಟ. ಮೊದಲನೆಯವನು ಗುಟುಕರಿಸಿ, ಕಣ್ಣು ಮುಚ್ಚಿ, ತಲೆದೂಗಿದ. ಹತ್ತಕ್ಕೆ ಮೂರು, ಇರಲಿ. ಎರಡನೆಯವಳು “ಭೇಷ್” ಎಂದಳು. ಇವಳೂ ಇರಲಿ. ಮೂರನೆಯವನು ಇನ್ನೊಂದು ಚಮಚ ತೆಗೆದುಕೊಂಡ. ಅಂಗಿಯ ಕಾಲರಿನೊಳಗೆ ಬೆವರು ಇಳಿಯತೊಡಗಿತು. ನಾಲ್ಕನೆಯವನು ಚಮಚವನ್ನೇ ಬಿಟ್ಟು ಬಟ್ಟಲನ್ನೆತ್ತಿ ಕುಡಿದ. ಎಲ್ಲರಿಗಿಂತ ಹಿರಿಯಳಾದ ಹೆಂಗಸೊಬ್ಬಳೇ ಉಳಿದಿದ್ದಳು. ಅವಳು ನಿಧಾನವಾಗಿ ಹೀರಿ, ಉಗುಳದೆ ನುಂಗಿ, “ಇದೇ ಇರಲಿ. ಐದೂ ಅಂಗಡಿಗೆ ಇದನ್ನೇ ಕಳಿಸಿ. ರುಚಿ ಸ್ವಲ್ಪವೂ ಬದಲಾಗಬಾರದು,” ಎಂದಳು.

ಯಜಮಾನರು ಮೂಲೆಗೆ ಬಂದು ಕೈ ಚಾಚಿದರು. “ಚಮಚ ಕೊಡಪ್ಪ.”

“ಸಾರ್, ಇದು ಕಹಿ…”

“ಆರು ಜನ ಚೆನ್ನಾಗಿದೆ ಅಂತಿದ್ದಾರೆ. ಕಹಿ ಇರೋದು ನಿನ್ನ ನಾಲಿಗೇಲಿ. ನಾಳೆಯಿಂದ ಪೆಟ್ಟಿಗೆಗೆ ಮೊಳೆ ಹೊಡೆಯೋ ಕೆಲಸ ನೋಡ್ಕೋ. ಅದಕ್ಕೆ ರುಚಿ ಬೇಕಾಗಿಲ್ಲ.”

ದೊಡ್ಡ ನಾಲಿಗೆ ಬಾಯಿ ತೆರೆದು, ಬೆರಳಿನಿಂದ ಗಂಟಲ ಒಳಗನ್ನು ತೋರಿಸಿದ, ಅಷ್ಟೆ. ಗುಮಾಸ್ತರು ನಕ್ಕರು.

ಸುಮ್ಮನಿದ್ದಿದ್ದರೆ ಅವನು ಮೊಳೆ ಹೊಡೆದುಕೊಂಡಾದರೂ ಬದುಕಬಹುದಿತ್ತು. ಆದರೆ ಕಳ್ಳ ಎನ್ನಿಸಿಕೊಳ್ಳಲು ಸಿದ್ಧನಿದ್ದ ಆ ಮನುಷ್ಯ ನಾಲಿಗೆ ಸತ್ತವನು ಎನ್ನಿಸಿಕೊಳ್ಳಲು ಸಿದ್ಧನಿರಲಿಲ್ಲ. “ನನ್ನ ನಾಲಿಗೆ ಸರಿಯಾಗೇ ಇದೆ!” ಎಂದು ಕೂಗಿದ. “ಅದು ಕಹಿನೇ! ನಾನೇ ಕೈಯಾರೆ ಹಾಕಿದ್ದೀನಿ, ನನಗೆ ಗೊತ್ತಿಲ್ವಾ? ಇವನಿಗೆ ಆ ಕಹಿ ಹುಟ್ಟಿನಿಂದಲೇ ಗೊತ್ತಾಗಲ್ಲ! ಒಬ್ಬರಿಗೊಬ್ಬರು ಸಂಬಂಧವಿಲ್ಲದ ಐದು ಜನಕ್ಕೂ ಒಟ್ಟಿಗೇ ಗೊತ್ತಾಗದೇ ಇರೋದು ಸಾಧ್ಯವೇ ಇಲ್ಲ! ಲೆಕ್ಕ ಹಾಕಿ ನೋಡಿ!”

ಯಜಮಾನರ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಗುಮಾಸ್ತರ ನಗುವೂ ನಿಂತಿತು. ಹಿರಿಯ ಹೆಂಗಸು ಬಟ್ಟಲನ್ನು ಕೆಳಗಿಟ್ಟು, ಜ್ವರ ಬಂದವನನ್ನು ನೋಡುವ ಹಾಗೆ ಅವನನ್ನು ನೋಡಿದಳು. “ಸಂಬಂಧವಿಲ್ಲದವರು ಅಂತ ಯಾರಪ್ಪ ಹೇಳಿದ್ದು? ವ್ಯಾಪಾರಕ್ಕೆ ಅಂತ ಒಂದೊಂದು ಊರು ಸೇರಿದ್ದೀವಿ, ಅಷ್ಟೆ. ಇವಳು ನನ್ನ ತಂಗಿ, ಇವರು ಮೂವರೂ ತಮ್ಮಂದಿರು. ನಮ್ಮಮ್ಮ ಏನು ಕುದಿಸಿ ಕೊಟ್ಟರೂ ಕಹಿ ಅಂತ ನಮ್ಮ ಮನೇಲಿ ಒಬ್ಬರೂ ಅಂದವರಲ್ಲ; ಅಮ್ಮನೂ ಅಂದಿಲ್ಲ, ಅಪ್ಪನೂ ಅಂದಿಲ್ಲ.” ಅಷ್ಟು ಹೊತ್ತೂ ಅವರ ತುಟಿಗಳನ್ನಷ್ಟೇ ನೋಡುತ್ತಿದ್ದವನು ಈಗ ಕಣ್ಣನ್ನು ಒಂದಂಗುಲ ಮೇಲಕ್ಕೆತ್ತಿದ. ಐದೂ ಮುಖಗಳ ನಟ್ಟನಡುವೆ ಒಂದೇ ಅಚ್ಚಿನ ಗೂನು ಮೂಗು ಕೂತಿತ್ತು.