ಅರವತ್ತೊಂದು ಮನೆಗಳ ಪುಟ

"ಆ ಒಂದು ಪುಟ ತೆಗೆದುಬಿಡಿ ಲೋಹಿತಾ. ನನಗೋಸ್ಕರ," ಎಂದ ಪ್ರಸನ್ನಕುಮಾರ್.

ಪಾವಗಡ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎದುರೆದುರು ಕೂತಿದ್ದೆವು. ಆರು ತಿಂಗಳಿಂದ ಅವನು ನನ್ನನ್ನು ಕದ್ದು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅವತ್ತೇ ಮೊದಲು. ಅದೂ ಇಂಥ ಮಾತಿಗೆ! ಮೈಯೆಲ್ಲ ಉರಿದುಹೋಯಿತು.

ಅವನು ತರಬೇತಿ ಇಲಾಖೆಯ ಯೋಜನಾಧಿಕಾರಿ, ನಾನು ಸಮಾಜಶಾಸ್ತ್ರದ ಸಂಶೋಧಕಿ. ಸೋಲಾರ್ ಪಾರ್ಕ್ ಬಂದ ಮೇಲೆ ಯಾರಿಗೆ ಹೊಸ ಕೆಲಸದ ತರಬೇತಿ ಬೇಕು ಎಂದು ವರದಿ ಕೊಡುವುದು ನನ್ನ ಕೆಲಸ. ಮನೆಮನೆ ಸರ್ವೆಗೆ ಟ್ಯಾಬಿನಲ್ಲಿ ಫಾರಂ ಮಾಡಿಕೊಟ್ಟವನು ಅವನು. ಮೊದಲ ಪ್ರಶ್ನೆ, ಜಮೀನು ಎಷ್ಟು? ಸೊನ್ನೆ ಒತ್ತಿದರೆ ಫಾರಂ ಅಲ್ಲಿಗೇ ಮುಗಿದುಹೋಗುತ್ತಿತ್ತು.

ವಳ್ಳೂರಿನ ಲಕ್ಷ್ಮಕ್ಕ ಹೇಳದಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

"ಜಮೀನಿಲ್ಲ ಅಂದೆ ಕಣಮ್ಮ. ಅಷ್ಟಕ್ಕೇ ಸರ್ವೆಯೋರು ಎದ್ದೋಗ್ಬುಟ್ರು. ಅಂಗಾರೆ ನಾವು ಈ ಊರೋರಲ್ವಾ?"

ಹೊಲಗಳ ಮೇಲೆ ಸೋಲಾರ್ ಹಲಗೆ ಬಂದು ಕೂಲಿ ಕಳೆದುಕೊಂಡವರೇ ಈ ಜಮೀನಿಲ್ಲದವರು. ಅಂಥ ಅರವತ್ತೊಂದು ಮನೆಗಳಿಗೆ ನಾನೇ ನಡೆದು ಹೋಗಿ ಬಂದು, ವರದಿಗೆ ಒಂದು ಪುಟ ಸೇರಿಸಿದ್ದೆ.

"ಫಾರಂ ತಪ್ಪು ಅಂತ ಬರೆದರೆ ನನ್ನ ಪ್ರಮೋಷನ್ ಹೋಗುತ್ತೆ," ಎಂದ.

"ತೆಗೆದರೆ ಅವರ ತರಬೇತಿ ಹೋಗುತ್ತೆ."

"ನಿಮಗೆ ನನ್ನ ಮೇಲೆ ಸ್ವಲ್ಪಾನೂ..."

"ಇದೆ. ಬೇಕಾದಷ್ಟಿದೆ. ಆದ್ರೂ ತೆಗೆಯಲ್ಲ. ಏನ್ ಮಾಡ್ತೀರಿ?"

ಅವನ ಕಿವಿಗಳು ಕೆಂಪಾದವು. ಟೀ ಲೋಟ ಬಾಯಿಗೂ ಹೋಗದೆ, ಮೇಜಿಗೂ ಇಳಿಯದೆ ಅರ್ಧದಲ್ಲೇ ನಿಂತಿತು. ನನಗೆ ನಗು ಬಂತು. ಆದರೂ ಸಿಟ್ಟು ಇಳಿಯಲಿಲ್ಲ, ಬ್ಯಾಗ್ ತಗೊಂಡು ಎದ್ದು ಬಂದೆ.

ಮರುದಿನ ಸಭೆಯಲ್ಲಿ ಹಿರಿಯ ಅಧಿಕಾರಿ ನಂದೀಶ್ವರಯ್ಯನವರು ಆ ಪುಟದ ಮೇಲೆ ಬೆರಳಿಟ್ಟರು. "ಈ ಮನೆಗಳು ನಮ್ಮ ಸರ್ವೆಯಲ್ಲೇ ಇಲ್ವಲ್ಲ! ಇದನ್ನ ತೆಗೀರಿ, ಆಮೇಲೆ ಒಪ್ಪಿಗೆ."

"ತೆಗೆಯಲ್ಲ ಸರ್. ತೆಗೆಯೋದಾದರೆ ನನ್ನ ಹೆಸರನ್ನೂ ತೆಗೀರಿ," ಎಂದೆ. ವರದಿಯನ್ನು ಅವರ ಮುಂದಕ್ಕೇ ತಳ್ಳಿದೆ.

ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಪ್ರಸನ್ನ ಎದ್ದು ನಿಂತಿದ್ದ.

"ಫಾರಂ ನಾನು ಮಾಡಿದ್ದು ಸರ್, ತಪ್ಪು ನನ್ನದು. ಪುಟ ಇರಲಿ. ಆ ಮನೆಗಳ ತರಬೇತಿಗೆ ನಾನೇ ಶಿಫಾರಸು ಮಾಡ್ತೀನಿ."

"ನಿಮ್ಮ ಪ್ರಮೋಷನ್ ಫೈಲ್ ನನ್ನ ಹತ್ರಾನೇ ಇದೆ, ಗೊತ್ತಲ್ಲ?"

"ಗೊತ್ತು ಸರ್." ಅಲ್ಲೇ ಬಗ್ಗಿ ಆ ಪುಟದ ಕೆಳಗೆ ಸಹಿ ಹಾಕಿದ.

ಹೊರಗೆ ಬಿಸಿಲು ಸುಡುತ್ತಿತ್ತು. ಮೆಟ್ಟಿಲ ಮೇಲೆ ನನಗೆ ಅಡ್ಡ ಬಂದು ನಿಂತ.

"ನಿಮಗೋಸ್ಕರ ಮಾಡಿದೆ ಅಂದ್ಕೋಬೇಡಿ. ರಾತ್ರಿ ಆ ಪುಟ ಕೂತು ಪೂರ್ತಿ ಓದಿದೆ."

"ಹಾಗೆ ಅನಿಸಿದ್ದಿದ್ರೆ ನಾನಿಲ್ಲಿ ನಿಲ್ತಾನೇ ಇರಲಿಲ್ಲ."

"ಎಲ್ಲಿಗೆ ವರ್ಗ ಮಾಡ್ತಾರೋ ಗೊತ್ತಿಲ್ಲ. ಮದುವೆ ಆಗ್ತೀರಾ?"

ಆಫೀಸಿನ ಕಿಟಕಿಗಳ ತುಂಬ ಮುಖಗಳು. ಅವನು ಅತ್ತ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ನಾನು ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡೆ.

"ಆಗ್ತೀನಿ!" ಎಂದೆ, ಕಿಟಕಿಯಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ.