ಲೇಪ ಕಳಚಿದ ರೆಕ್ಕೆ

ಬೆಳಿಗ್ಗೆ ಹತ್ತರ ಸುಮಾರಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮೆಜಮಾನ್ರ ಎರಡೂ ಕಣ್ಣು ಹೋದ್ವು ಸಾರ್. ಫ್ಯಾನ್ ಜೋರಾಗಿ ಓಡಿಸಿದ್ರು, ಅವರದೇ ತಪ್ಪು ಅಂತಾರೆ ಫ್ಯಾಕ್ಟ್ರಿಯೋರು. ಕಣ್ಣಂತೂ ವಾಪಸ್ ಬರಲ್ಲ. ಆ ಮಾತನ್ನಾದ್ರೂ ತೆಗೆಸಿಕೊಡಿ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಮುಖ್ಯಪೇದೆಯೊಂದಿಗೆ ಕಾರ್ಖಾನೆಗೆ ಹೊರಟರು. ಅದು ಬಿಸಿ ದೂಳನ್ನು ಹೊರಗೆಳೆಯುವ ಫ್ಯಾನ್. ರೆಕ್ಕೆಗಳು ಸವೆಯದಿರಲೆಂದು ಕಾರ್ಖಾನೆಯವರೇ ಮಿಶ್ರಲೋಹದ ಮೇಲೆ ಗಟ್ಟಿ ಸೆರಾಮಿಕ್ ಲೇಪ ಹಾಕಿದ್ದರು. ಲೇಪ ಒಂದೇ ಕಡೆ ಕಳಚಿ, ಫ್ಯಾನ್ ಸಮತೋಲ ತಪ್ಪಿ, ರೆಕ್ಕೆ ಮುರಿದು ಅವಳ ಗಂಡನ ಮುಖಕ್ಕೆ ಬಡಿದಿತ್ತು. ಪಂಚನಾಮೆ ಮಾಡುವಾಗ ಮುಖ್ಯಪೇದೆ ಫ್ಯಾನಿನ ವೇಗ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ ತೋರಿಸಿದ. ಅದಕ್ಕೆ ಬೀಗ. ಕೀಲಿ ಮಾಲೀಕನ ಮೇಜಿನಲ್ಲಿ. ಕಣ್ಣು ಕಳೆದುಕೊಂಡವನ ತಲೆಗೇ ತಪ್ಪು ಕಟ್ಟಿದ್ದರಲ್ಲ ಎಂದು ಇನ್‌ಸ್ಪೆಕ್ಟರರ ಮೈ ಉರಿದುಹೋಯಿತು.

ಕಾರ್ಖಾನೆಯ ಪರೀಕ್ಷಾ ಕೋಣೆಯ ಅಧಿಕಾರಿ ಅಂಚು ಒಡೆದ ಲೋಹದ ಬಿಲ್ಲೆಯೊಂದನ್ನು ಮುಂದಿಟ್ಟ. "ರೆಕ್ಕೆ ಜೊತೆಗೇ ಲೇಪ ಹಾಕಿದ ಮಾದರಿ ಇದು. ಎಳೆದು ನೋಡಿದ್ವಿ. ಲೇಪ ಒಡೀತೇ ಹೊರತು ಲೋಹ ಬಿಡಲಿಲ್ಲ, ಪಾಸ್."

ಇನ್‌ಸ್ಪೆಕ್ಟರ್ ಬಿಲ್ಲೆಯ ಒಡೆದ ಅಂಚಿಗೆ ಬೆರಳಾಡಿಸಿದರು. ಲೇಪದಡಿಯ ಲೋಹ ಉಪ್ಪುಕಾಗದದಂತೆ ತರಿತರಿ. ಮುರಿದ ರೆಕ್ಕೆಯನ್ನು ಮುಟ್ಟಿದರು. ಲೇಪ ಕಳಚಿದ ಜಾಗ ಊಟದ ತಟ್ಟೆಯಷ್ಟು ನುಣುಪು.

"ಲೇಪಕ್ಕೆ ಮೊದಲು ಏನ್ಮಾಡ್ತೀರಿ?"

"ಮರಳು ಹೊಡೆದು ತರಿ ಮಾಡ್ತೀವಿ. ಇಲ್ಲಾಂದ್ರೆ ಹಿಡಿಯಲ್ಲ."

"ರೆಕ್ಕೆಗೆ ಹೊಡೆದ್ರಾ?"

ಅಧಿಕಾರಿ ಬಿಲ್ಲೆಯನ್ನು ತನ್ನತ್ತ ಎಳೆದುಕೊಂಡ.

"ಕೇಳಿದ್ದು ನಿಮ್ಮನ್ನೇ."

"ದೊಡ್ಡ ಯಂತ್ರ ಕೆಟ್ಟಿತ್ತು. ಬಿಲ್ಲೆಗೆ ಮಾತ್ರ ಕೈಯಲ್ಲಿ ಹೊಡೆದೆ."

"ಯಾರು ಹೇಳಿದ್ದು?"

"ಮಾಲೀಕರು. ಹೇಗಾದ್ರೂ ಪಾಸಾಗ್ಲಿ ಅಂದ್ರು."

"ನಿಮಗೆ ಗೊತ್ತಿರಲಿಲ್ವಾ, ಅದರ ಮುಂದೆ ಮನುಷ್ಯ ನಿಂತಿರ್ತಾನೆ ಅಂತ?" ಇನ್‌ಸ್ಪೆಕ್ಟರರ ದನಿ ಗೋಡೆಯಾಚೆಗೂ ಕೇಳಿತು.

ಸಂಜೆ ಮಾಲೀಕನನ್ನೂ ಅಧಿಕಾರಿಯನ್ನೂ ಬಂಧಿಸಿದರು. ಮಾಲೀಕ ದಾರಿಯುದ್ದಕ್ಕೂ ವಕೀಲನ ಹೆಸರು ಜಪಿಸಿದ. ಅಧಿಕಾರಿ ಮಾತ್ರ ಠಾಣೆಯಲ್ಲಿ ಹೇಳಿಕೆ ಕೊಟ್ಟ. ಹಿಂದೊಮ್ಮೆ ಫೇಲ್ ಎಂದು ಕೆಲಸ ನಿಲ್ಲಿಸಿದ್ದಕ್ಕೆ ಮಾಲೀಕ ಅವನನ್ನು ಕಾರ್ಮಿಕರೆಲ್ಲರ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಿದ್ದ. ಆಮೇಲೆ ಫೇಲ್ ಎಂಬ ಮಾತು ಅವನ ಬಾಯಿಂದ ಹೊರಟಿರಲಿಲ್ಲ.

ಇನ್‌ಸ್ಪೆಕ್ಟರ್ ಮುರಿದ ರೆಕ್ಕೆಯನ್ನು ಅವನ ಮುಂದಿಟ್ಟರು. ಬಾಗಿಲ ಬಳಿ ಆ ಹೆಂಗಸು ನಿಂತಿದ್ದಳು.

"ಅವರಿಗೆ ಕೇಳೋ ಹಾಗೆ ಹೇಳಿ. ಇದು ಪಾಸೋ, ಫೇಲೋ?"

ಅವನು ರೆಕ್ಕೆಯ ನುಣುಪು ಜಾಗವನ್ನು ಬೆರಳಿಂದ ಮುಟ್ಟಿದ.

"ಫೇಲ್," ಎಂದ. "ನಿಮ್ಮೆಜಮಾನ್ರ ತಪ್ಪಿಲ್ಲಮ್ಮ."

ಅವಳು ಆಗ ಕುರ್ಚಿಯ ಮೇಲೆ ಕೂತಳು.