ಬೆಳಕಿಗೆ ತೋರಿಸಬೇಡಿ

ಔಷಧಿಯ ಫ್ರಿಜ್ ತೆರೆದ ಡಾಕ್ಟರಮ್ಮ ಹೌಹಾರಿದರು. ಮುಲಾಮಿನ ಟ್ಯೂಬ್ ಮಾಯ! ಇದ್ದದ್ದೇ ಅದೊಂದು.

ಹೊರಗೆ ಟೈಲರ್ ಮಾಸ್ತರು ಕಾಯುತ್ತಿದ್ದರು. ಮೂಗಿನ ಮೇಲೆ ಕ್ಯಾನ್ಸರ್ ಹುಣ್ಣು. ಹೊಸ ಟ್ಯೂಬ್ ಬರಲು ತಿಂಗಳು ಬೇಕು. ಅಷ್ಟರಲ್ಲಿ ಹುಣ್ಣು ಆಳಕ್ಕಿಳಿದರೆ ಮೂಗನ್ನೇ ಕೊಯ್ಯಬೇಕು.

"ಕತ್ತರಿ ನನ್ನ ಕೈಲಿದ್ರೆ ಚೆಂದ, ಮೂಗಿನ ಮೇಲಲ್ಲ," ಎಂದರು ಮಾಸ್ತರು. ನಗಲು ಹೋಗಿ ಸೋತರು.

ಆಸ್ಪತ್ರೆಯ ಕಾವಲಿನ ಮುಖ್ಯಸ್ಥರಾದ ನಿವೃತ್ತ ಪೊಲೀಸ್ ದಫೇದಾರರು ಬೀಗ ನೋಡಿದರು. ಒಡೆದಿಲ್ಲ. ಕೀಲಿ ಸಿಗುವುದು ಮೂವರಿಗೆ: ಕಾಂಪೌಂಡರ್, ಕಸ ಗುಡಿಸುವ ಅಕ್ಕ, ಚೀಟಿ ಬರೆಯುವ ಗುಮಾಸ್ತೆ.

"ಈ ಮದ್ದು ಹೇಗೆ ಕೆಲಸ ಮಾಡುತ್ತೆ ಮೇಡಂ?"

"ಚರ್ಮದೊಳಗೆ ಇಳಿಯುತ್ತೆ. ಕೆಟ್ಟ ಜೀವಕೋಶ ಅದನ್ನ ಜಾಸ್ತಿ ಹೀರ್ಕೊಳ್ಳುತ್ತೆ. ಮೂರು ಗಂಟೆ ಬಿಟ್ಟು ಕೆಂಪು ಬೆಳಕು ಹಾಯಿಸಿದ್ರೆ ಆ ಕೋಶಗಳು ಸಾಯ್ತವೆ. ನೀಲಿ ದೀಪ ಹಿಡಿದ್ರೆ ಮದ್ದು ಇಳಿದ ಜಾಗ ಕೆಂಪಗೆ ಹೊಳೆಯುತ್ತೆ."

"ಕೈ ತೊಳೆದ್ರೆ?"

"ಒಳಗೆ ಇಳಿದದ್ದು ಹೋಗಲ್ಲ."

ದಫೇದಾರರ ಮೀಸೆ ಅರಳಿತು.

*

ಕೋಣೆ ಕತ್ತಲು ಮಾಡಿ ಮೂವರನ್ನೂ ಕರೆದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ಕಾಂಪೌಂಡರ್ ಬ್ಯಾಂಡೇಜು ಸುತ್ತಿದ ಬೆರಳನ್ನು ಬೆನ್ನ ಹಿಂದೆ ಅಡಗಿಸಿದ.

ಬಿಚ್ಚಿಸಿದರು. ನೀಲಿ ದೀಪ ಹಿಡಿದರು. ಏನೂ ಹೊಳೆಯಲಿಲ್ಲ.

"ಬಾಟ್ಲಿ ಒಡೆದು ಕುಯ್ದುಕೊಂಡೆ ಸಾರ್. ಬೈತೀರಾ ಅಂತ..."

ಅಕ್ಕನ ಕೈಯೂ ಸ್ವಚ್ಛ. ಗುಮಾಸ್ತೆ ಕೈ ಚಾಚಿದಳು. ತೋರುಬೆರಳಿನ ಉಗುರಿನ ಸುತ್ತ ಕೆಂಪು ಬೆಳಕು, ಊದಿದ ಕೆಂಡದಂತೆ. ಮೂವತ್ತು ವರ್ಷದ ನೌಕರಿಯಲ್ಲಿ ದಫೇದಾರರು ಇಂಥದ್ದನ್ನು ಕಂಡಿರಲಿಲ್ಲ.

"ಗ್ಲೌಸ್ ಹಾಕದೆ ಹಚ್ಚಿದ್ದೀಯ. ಯಾರಿಗಮ್ಮಾ?" ಎಂದು ಅವರೇ ಕೇಳಿದರು.

"ಅಮ್ಮನಿಗೆ. ಕೆನ್ನೆ ಮೇಲೆ ಅದೇ ಹುಣ್ಣು. ಸರದಿ ಬರೋಕೆ ಇನ್ನೂ ಎರಡು ತಿಂಗಳು ಅಂದ್ರು." ಅವಳು ಬಿಕ್ಕಿದಳು. "ಟ್ಯೂಬ್ ಮೇಲೆ 'ಬೆಳಕಿಗೆ ತೋರಿಸಬೇಡಿ' ಅಂತಿತ್ತು. ಬೆಳಗ್ಗೆ ಹಚ್ಚಿ, ಕಿಟಕಿ ಎಲ್ಲ ಮುಚ್ಚಿ ಕೂರಿಸಿ ಬಂದೆ."

"ಅಯ್ಯೋ ಹುಚ್ಚಿ, ಅದು ಟ್ಯೂಬಿಗೆ ಹೇಳಿದ್ದು! ಬೆಳಕು ಬೀಳದಿದ್ರೆ ಆ ಮದ್ದು ಬರೀ ಬೆಣ್ಣೆ," ಎಂದರು ಡಾಕ್ಟರಮ್ಮ.

ಅವಳ ಚೀಲದಲ್ಲಿ ಅರ್ಧ ಟ್ಯೂಬ್ ಉಳಿದಿತ್ತು. ಮಾಸ್ತರ ಮೂಗಿಗೆ ಧಾರಾಳವಾಗಿ ಸಾಕು. ಹಚ್ಚಿ ಕೂರಿಸಿದರು. ಇನ್ನು ಮೂರು ಗಂಟೆ ದೀಪಕ್ಕೆ ಕೆಲಸವಿಲ್ಲ.

"ದೂರು ಬರೆಯೋದಂತೂ ತಪ್ಪಿದ್ದಲ್ಲ," ಎಂದರು ದಫೇದಾರರು. "ಮೊದಲು ಹೋಗಿ ಅಮ್ಮನ್ನ ಕರ್ಕೊಂಡು ಬಾ."

*

ತಾಯಿಯ ಮುಖದ ಮೇಲೆ ನೀಲಿ ಬೆಳಕು ಬಿತ್ತು. ಕೆನ್ನೆಯಲ್ಲಿ ನಾಣ್ಯದಗಲ ಕೆಂಪು ಧಗಧಗಿಸಿತು. ಅದರ ಅಂಚಿನಿಂದ ಚಾಚಿದ, ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ಬೇರುಗಳೂ ಹೊಳೆದವು. ರೋಗ ತಾನು ಅವಿತ ಜಾಗವನ್ನು ತಾನೇ ತೋರಿಸುತ್ತಿತ್ತು. ದಫೇದಾರರು ಟೋಪಿ ತೆಗೆದರು.

"ಏನ್ ಕಾಣಿಸ್ತಿದೆ ಮಗಳೇ?" ಎಂದು ಮುದುಕಿ ಕೇಳಿದಳು.

ಮಗಳು ಅವಳ ಕೈ ಹಿಡಿದುಕೊಂಡಳು.

"ಕಳ್ಳ ಸಿಕ್ಕಿಬಿದ್ದ ತಾಯಿ," ಎಂದರು ದಫೇದಾರರು.

ಡಾಕ್ಟರಮ್ಮ ಕೆಂಪು ದೀಪ ಹಚ್ಚಿದರು.